ಕನ್ನಡಿ ಬೀರು

ನಮ್ಮಕ್ಕನ ಮದುವೆಗೆ ನಾವು ಕೊಂಡದ್ದು ಕನ್ನಡಿ ಇಲ್ಲದ ಬೀರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ತುಮಕೂರಿನ ಅಂಗಡಿಯಲ್ಲಿ ಅಪ್ಪ, ಅಮ್ಮ, ನಾನು ಮೂವರೂ ನಿಂತು ಆರಿಸಿದ್ದು: ಬೂದು ಬಣ್ಣ, ಎರಡು ಬಾಗಿಲು, ಒಳಗೊಂದು ಪುಟ್ಟ ಲಾಕರ್. ಅದರ ಪಕ್ಕದಲ್ಲೇ ಹಸಿರು ಬಣ್ಣದ್ದೊಂದು ನಿಂತಿತ್ತು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಅಮ್ಮ ಆ ಕನ್ನಡಿಯ ಮುಂದೆ ಒಂದು ಗಳಿಗೆ ನಿಂತು ಸೆರಗು ಸರಿಮಾಡಿಕೊಂಡು, 'ನಮಗೆ ಇದೇ ಸಾಕು' ಎಂದು ಬೂದು ಬೀರುವಿನ ಕಡೆಗೆ ಬಂದಳು. ಅಂಗಡಿಯವನು ಬಿಲ್ಲಿನಲ್ಲಿ 'ಸ್ಟೀಲ್ ಬೀರು, ಒಂದು' ಎಂದಷ್ಟೇ ಬರೆದ. ಯಾವ ಬಣ್ಣ, ಕನ್ನಡಿ ಉಂಟೋ ಇಲ್ಲವೋ, ಏನೂ ಬರೆಯಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಕಡೆ ಹೆಣ್ಣಿನವರು ಕೊಡುವ ಬೀರು ಹೆಣ್ಣಿನ ಮನೆಗೆ ಬರುವುದೇ ಇಲ್ಲ. ಮದುವೆಗೆ ಎರಡು ದಿನ ಮುಂಚೆ ಅಂಗಡಿಯಿಂದಲೇ ಗಂಡಿನ ಮನೆಗೆ ಟೆಂಪೋದಲ್ಲಿ ಹೋಗುತ್ತದೆ. ಅಲ್ಲಿನ ಹೆಂಗಸರು ಆರತಿ ಎತ್ತಿ, ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇರು ಅಕ್ಕಿಯನ್ನೂ ಒಂದು ರವಿಕೆ ಕಣವನ್ನೂ ಒಳಗಿಡುತ್ತಾರೆ. ಆಮೇಲೆ ಅದು ಲಕ್ಷ್ಮಿ. ಲಕ್ಷ್ಮಿಯನ್ನು ಹೊಸಿಲು ದಾಟಿಸಿ ವಾಪಸು ಕಳಿಸುವ ಮನೆ ಯಾವುದೂ ಇಲ್ಲ. ಹೀಗಾಗಿ ಕೊಂಡವರು ಒಬ್ಬರು, ಇಳಿಸಿಕೊಂಡವರು ಇನ್ನೊಬ್ಬರು. ನಡುವೆ ಏನಾಯಿತು ಎಂದು ತಾಳೆ ನೋಡುವವರು ಯಾರೂ ಇರುವುದಿಲ್ಲ.

ಮದುವೆ ಮುಗಿಸಿ ಅಕ್ಕನನ್ನು ಬಿಟ್ಟುಬರಲು ಅಮೃತೂರಿಗೆ ಹೋದಾಗಲೇ ನಮಗೆ ಗೊತ್ತಾದದ್ದು. ನಡುಮನೆಯಲ್ಲಿ ಆ ಹಸಿರು ಬೀರು ನಿಂತಿತ್ತು. ಕನ್ನಡಿಯ ನೆತ್ತಿಗೆ ಅರಿಶಿನ ಕುಂಕುಮ, ಹಿಡಿಗೆ ಒಂದು ಮೊಳ ಹೂ. ಅಕ್ಕನ ಅತ್ತೆ ಅಮ್ಮನ ಕೈ ಹಿಡಿದುಕೊಂಡು, "ಏನ್ ಬೀಗಿತ್ತಿ, ಕನ್ನಡಿ ಬೀರು ಕೊಡ್ತೀವಿ ಅಂತ ಒಂದು ಮಾತೂ ಹೇಳ್ನಿಲ್ವಲ್ಲ. ನಮ್ಮ ಬೀದೀಲೇ ಇಂಥದ್ದು ಇಲ್ಲ ಕಣ್ರೀ" ಎಂದರು. ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ನೆಲ ನೋಡಿದರು. ಅಕ್ಕ ಅಂಗಡಿಗೆ ಬಂದವಳಲ್ಲ, ಅವಳಿಗೇನೂ ಗೊತ್ತಿಲ್ಲ. ಅಪ್ಪನೇ ಕೈಮೀರಿ ಕೊಡಿಸಿದ್ದಾರೆ ಎಂದುಕೊಂಡು ಕನ್ನಡಿಯ ಮುಂದೆ ನಿಂತೇ ಅತ್ತುಬಿಟ್ಟಳು. ಆ ಅಳುವಿನ ಮುಂದೆ ನಿಜ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ವಾಪಸು ಬರುವಾಗ ಪ್ರೈವೇಟ್ ಬಸ್ಸಿನಲ್ಲಿ ಅಪ್ಪ, "ನಾಳೆ ಅಂಗಡಿಗೆ ಹೋಗಿ ಹಿಂಗಾಗಿದೆ ಅಂತ ಹೇಳಿ ಬರ್ತೀನಿ" ಎಂದರು. ನಾನು ಆಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ತೊಂಬತ್ತರ ದಶಕದ ನಡುಭಾಗ. ಗ್ರಾಹಕರ ಹಕ್ಕು ಎಂಬ ಪಾಠ ನಮಗೆ ಹೊಸದಾಗಿ ಬಂದಿತ್ತು, ಅದರ ಬಿಸಿ ನನಗೆ ತಲೆಗೇರಿತ್ತು. "ನೀವ್ಯಾಕೆ ಹೋಗ್ಬೇಕು? ತಪ್ಪು ಅವರದು. ತಪ್ಪು ಸಾಮಾನು ಕಳಿಸಿದ್ರೆ ಸರಿ ಮಾಡೋದು ಅಂಗಡಿಯವನ ಜವಾಬ್ದಾರಿ, ಗಿರಾಕಿ ಅಲೀಬೇಕಾಗಿಲ್ಲ. ಬೇಕಾದ್ರೆ ಅವರೇ ಬರ್ಲಿ" ಎಂದೆ. ಅಮ್ಮ, "ಅವಳು ಹೇಳೋದೂ ಸರೀನೇ" ಎಂದಳು. ಕಾಲೇಜು ಓದುವ ಮಗಳು ಪುಸ್ತಕದ ಮಾತು ಆಡಿದರೆ ನಮ್ಮ ಮನೆಯಲ್ಲಿ ಎದುರಾಡುವವರಿರಲಿಲ್ಲ. ಅಲ್ಪವಿದ್ಯೆ ಮಹಾಗರ್ವಿ ಎನ್ನುತ್ತಾರಲ್ಲ, ಆ ಮಾತಿಗೆ ಹೇಳಿ ಮಾಡಿಸಿದವಳು ನಾನು.

ಅವರು ಬಂದೇ ಬಂದರು. ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಬಟವಾಡಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಅಂಗಡಿಯ ಸೇಲ್ಸ್‌ಮನ್. ಇನ್ನೊಬ್ಬರು ಐವತ್ತು ದಾಟಿದವರು, ಬಿಳಿ ಪಂಚೆ, ಹೆಗಲ ಮೇಲೆ ಟವಲು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ತೂಕ ಹಾಕುವವರಂತೆ. ನಮ್ಮಕ್ಕನ ಲಗ್ನದ ದಿನವೇ ಅವರ ಮಗಳ ಲಗ್ನವೂ ಆಗಿತ್ತು. ಅಂಗಡಿಯಿಂದ ಎರಡು ಟೆಂಪೋ ಒಟ್ಟಿಗೆ ಹೊರಟಿವೆ, ಒಂದು ಗುಬ್ಬಿಗೆ, ಒಂದು ಕುಣಿಗಲ್ ಕಡೆಯ ಅಮೃತೂರಿಗೆ. ಅವರ ಕನ್ನಡಿ ಬೀರು ನಮ್ಮಕ್ಕನ ಮನೆ ಸೇರಿತ್ತು, ನಮ್ಮ ಬೂದು ಬೀರು ಅವರ ಮಗಳ ಮನೆ ಸೇರಿತ್ತು.

ಅಪ್ಪ ಕುರ್ಚಿ ಎಳೆದರು. ಅವರು ಕೂರಲಿಲ್ಲ. ಅಮ್ಮ ಕಾಫಿ ತಂದರೆ, "ಇರ್ಲಿ ತಾಯಿ, ಬಂದ ಕೆಲಸ ಆಗ್ಲಿ, ಆಮೇಲೆ ಕುಡೀತೀನಿ" ಎಂದರು. ನಾನು ಜಗಳಕ್ಕೆ ಸೊಂಟ ಕಟ್ಟಿಯೇ ನಿಂತಿದ್ದೆ. ಪೂಜೆ ಆಗಿರುವ ಬೀರು ಹೇಗೆ ವಾಪಸು ಕೊಡುವುದು ಎಂದು ಅಮ್ಮ ಶುರುಮಾಡುವುದರೊಳಗೆ ಅವರೇ ಕೈಯಾಡಿಸಿದರು.

"ಬೀರು ನಂಗೆ ಬ್ಯಾಡ ತಾಯಿ. ಅದು ನಿಮ್ಮ ಮಗೀನ ಮನೇಲೇ ಇರ್ಲಿ, ಚೆನ್ನಾಗಿರ್ಲಿ. ಅಂಗಡಿಯೋರು ನಮ್ಮ ಹುಡುಗೀಗೆ ಬೇರೆ ಕನ್ನಡೀದು ಕೊಡ್ತೀವಿ ಅಂತ ಟೆಂಪೋದಾಗೆ ತಗಂಡೂ ಹೋಗಿದ್ರು. ಆದ್ರೆ ನಮ್ಮ ಬೀಗ್ರು ಇಳಿಸ್ಕಳ್ಳಿಲ್ಲ. ಮೊದ್ಲು ಬಂದಿದ್ದಕ್ಕೆ ಆರತಿ ಆಗೋಗದೆ, ಅದು ಹೊರಕ್ಕೆ ಹೋಗಕಿಲ್ಲ ಅಂದ್ರು."

"ಮತ್ತೆ ನಮ್ಮಿಂದ ಏನಾಗ್ಬೇಕು ಸ್ವಾಮಿ?" ಅಪ್ಪ ಕೇಳಿದರು.

"ಒಂದು ಮಾತು ಬರೆದುಕೊಡಿ ಸ್ವಾಮಿ. ಕನ್ನಡಿ ಬೀರು ಕೊಡ್ತೀನಿ ಅಂತ ನಾನು ಹತ್ತು ಜನದ ಮುಂದೆ ಹೇಳಿದ್ದೆ. ಬಂದಿದ್ದು ಬೋಳು ಬೀರು. ಅಂಗಡಿಯೋರು ತಪ್ಪು ಕಳಿಸವ್ರೆ ಅಂದ್ರೆ ನಗ್ತಾರೆ. ಎಲ್ಲಾ ಮಾವಂದಿರೂ ಹಿಂಗೇ ಹೇಳದು ಅಂತಾರೆ. ಊರೋರ ಬಾಯಿಗೆ ಹೆದರಿ ಈಗ ಬೇರೇದು ಕಳಿಸವ್ನೆ ಅಂತಾರೆ. ಅಂಗಡಿ ಚೀಟಿ ತೋರಿಸಿದ್ರೆ, ದುಡ್ಡು ಕೊಟ್ಟ ಗಿರಾಕಿ ಹೇಳ್ದಂಗೆ ಅಂಗಡಿಯೋನು ಬರೀತಾನೆ ಅಂತಾರೆ. ನಿಮಗೂ ನಮಗೂ ಗುರುತು ಪರಿಚಯ ಇಲ್ಲ. ನೀವು, ಅವರ ಬೀರು ನಮ್ಮಲ್ಲಿಗೆ ಬಂದೈತೆ ಅಂತ ಒಂದು ಸಾಲು ಬರೆದ್ರೆ ನಂಬ್ತಾರೆ."

ಅಪ್ಪ ಜೇಬಿನ ಪೆನ್ನು ತೆಗೆದರು. ಅದು ಈಗಲೂ ನನ್ನ ಕಣ್ಣ ಮುಂದಿದೆ, ಪೆನ್ನಿನ ಮುಚ್ಚಳ ತೆಗೆದು ಕಾಗದಕ್ಕಾಗಿ ಸುತ್ತ ನೋಡಿದ್ದು. ನಾನು ಅವರನ್ನು ಅಡುಗೆಮನೆಗೆ ಕರೆದೆ.

"ಬರೆದುಕೊಟ್ರೆ ನಾವು ಒಪ್ಪಿಕೊಂಡ ಹಾಗೆ ಅಪ್ಪ. ನಾಳೆ ಅಂಗಡಿಯವನು ಅದನ್ನೇ ಹಿಡ್ಕೊಂಡು ಅಮೃತೂರಿಗೆ ಹೋದ್ರೆ? ಅಕ್ಕನ ಅತ್ತೆಗೆ ಗೊತ್ತಾದ್ರೆ?"

"ಒಂದು ಸಾಲು ಕಣಮ್ಮ. ಪಾಪ, ದೊಡ್ಡ ಮನುಷ್ಯ, ಬಾಗಿಲಿಗೆ ಬಂದವ್ರೆ."

"ನಿಮಗೆ ದೊಡ್ಡ ಮನುಷ್ಯ ಮುಖ್ಯನೋ, ಅಕ್ಕ ಮುಖ್ಯನೋ?"

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಹೊರಗೆ ಬಂದು ಮಾತಾಡಿದ್ದು ನಾನೇ. ಬಿಲ್ಲಿನಲ್ಲಿ 'ಸ್ಟೀಲ್ ಬೀರು, ಒಂದು' ಎಂದಿದೆ, ನಮಗೆ ಬಂದಿರುವುದೂ ಒಂದು ಸ್ಟೀಲ್ ಬೀರು. ನಿಮಗೆ ಅನ್ಯಾಯ ಆಗಿದ್ದರೆ ನಿಮಗೂ ಅಂಗಡಿಗೂ ಬಿಟ್ಟದ್ದು. ಗ್ರಾಹಕರ ನ್ಯಾಯಾಲಯ ಅಂತ ಇದೆ, ಅಲ್ಲಿಗೆ ಹೋಗಿ, ವಕೀಲರೂ ಬೇಕಾಗಿಲ್ಲ, ಒಂದು ಅರ್ಜಿ ಕೊಟ್ಟರೆ ಸಾಕು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆಯುವಂತೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನಗಿಂತ ಚಿಕ್ಕವರ ಮಾತನ್ನು ಅಷ್ಟು ಗಮನವಿಟ್ಟು ಕೇಳುವುದು ಈಗ ಅಧ್ಯಾಪಕಿಯಾಗಿಯೂ ನನಗೆ ಬಂದಿಲ್ಲ.

"ಕೋರ್ಟು ಬೀರು ಕೊಡಿಸ್ತದೆ ಮಗಾ" ಎಂದರು. "ನನ್ನ ಮಾತು ಕೊಡಿಸ್ತದಾ?"

ಉತ್ತರ ಇಲ್ಲದಿದ್ದಾಗ ನನಗೆ ಕೋಪ ಬರುತ್ತದೆ, ಆವತ್ತೂ ಬಂತು. "ಅದಕ್ಕೆ ನಾವೇನು ಮಾಡಕ್ಕಾಗುತ್ತೆ?" ಎಂದುಬಿಟ್ಟೆ.

ಅವರು ಚೀಲದಿಂದ ಮಗಳ ಲಗ್ನಪತ್ರಿಕೆ ತೆಗೆದು ಕಿಟಕಿಯ ಮೇಲಿಟ್ಟರು. "ಇದ್ರಾಗೆ ಗಂಡಿನ ಮನೆ ವಿಳಾಸ ಐತೆ. ಮನಸ್ಸು ಬಂದ್ರೆ ಒಂದು ಕಾರ್ಡು ಹಾಕಿ" ಎಂದು ಅಪ್ಪನಿಗೆ ಕೈಮುಗಿದು ಹೊರಟರು. ಕಾಫಿ ಲೋಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಒಂದು ಮಾತನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ತಪ್ಪಿನಿಂದ ನಮ್ಮ ಕೈಸೇರಿದ ವಸ್ತುವನ್ನು ಹಿಂದಿರುಗಿಸುವುದು ನಮ್ಮ ಹೊಣೆ ಎಂದು ಹಿಂದಿನ ವರ್ಷದ ಕರಾರು ಕಾನೂನಿನ ಪುಸ್ತಕದಲ್ಲೇ ಇತ್ತು. ನಾನು ಅದನ್ನು ಓದಿದ್ದೆ, ಪಾಸೂ ಆಗಿದ್ದೆ. ಬೇಕಾದ ಪುಟ ತೆರೆದೆ, ಬೇಡದ ಪುಟ ಮುಚ್ಚಿದೆ. ಕಾನೂನು ನನ್ನ ಬಾಯಲ್ಲಿತ್ತೇ ಹೊರತು ಹೊಟ್ಟೆಯಲ್ಲಿದ್ದದ್ದು ಭಯ. ಅಕ್ಕನನ್ನು ಅವಳ ಅತ್ತೆ ಮನೆಯಲ್ಲಿ ಕೀಳಾಗಿ ನೋಡಿಬಿಟ್ಟರೆ ಎಂಬ ಭಯ. ಅದೇ ಭಯ ಆ ಮನುಷ್ಯನಿಗೂ ತನ್ನ ಮಗಳ ಬಗ್ಗೆ ಇತ್ತು ಎಂದು ತಿಳಿಯದಷ್ಟು ದಡ್ಡಿಯೇನೂ ಆಗಿರಲಿಲ್ಲ ನಾನು.

ಅಪ್ಪ ನನ್ನ ಮೇಲೆ ರೇಗಲಿಲ್ಲ. ರೇಗಬೇಕಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಬರೆದುಕೊಡಬೇಕಿತ್ತು. ಓದಿದ ಮಗಳೆಂದು ನನ್ನ ಮಾತು ಕೇಳಿದರಲ್ಲ ಎಂದು ಅವರು ತೀರಿಕೊಂಡ ಮೇಲೂ ನನಗೆ ಅವರ ಮೇಲೆ ಸಿಟ್ಟಿದೆ. ಲಗ್ನಪತ್ರಿಕೆಯನ್ನು ನಾನು ಎಸೆಯಲಿಲ್ಲ. ಪುಸ್ತಕದೊಳಗೆ ಇಟ್ಟೆ, ಆ ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಹಣೆಬರಹ ನೋಡಿ, ನಾನು ವಾಣಿಜ್ಯದ ಅಧ್ಯಾಪಕಿಯಾದೆ. ತುಮಕೂರಿನ ಕಾಲೇಜೊಂದರಲ್ಲಿ ವರ್ಷವರ್ಷವೂ ಅದೇ ಪಾಠ ಮಾಡಿದೆ. ರಸೀದಿ ಜೋಪಾನ ಮಾಡಿ, ಸಾಮಾನು ಇಳಿಸಿಕೊಳ್ಳುವಾಗ ನೋಡಿ, ತಪ್ಪು ಬಂದರೆ ತಕ್ಷಣ ಬರೆದು ತಿಳಿಸಿ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ತಪ್ಪಾಗಿ ಬಂದಿದ್ದು ನಾವು ಕೇಳಿದ್ದಕ್ಕಿಂತ ಚೆನ್ನಾಗಿದ್ರೆ?" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಾರದೆ, ನಾಳೆ ಹೇಳುತ್ತೇನೆ ಎಂದು ಗಂಟೆ ಹೊಡೆಯುವ ಮೊದಲೇ ಹೊರಬಂದೆ. ಅಷ್ಟು ಹೊತ್ತಿಗೆ ಹನ್ನೊಂದು ವರ್ಷ ಕಳೆದಿತ್ತು.

ಮೊದಲು ಅಮೃತೂರಿಗೆ ಫೋನು ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳ ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು, ಕೀಳಾಗಿ ನೋಡುವವರು ಯಾರೂ ಉಳಿದಿರಲಿಲ್ಲ. ಅಕ್ಕ, "ಅಪ್ಪ ಕೊಡಿಸಿದ್ದು ಅಂತ ದಿನಾ ಅದರ ಮುಂದೆ ನಿಂತು ತಲೆ ಬಾಚ್ಕೊಂಡೆನಲ್ಲೇ" ಎಂದಳು. ಆಮೇಲೆ, "ಹೋಗು, ಬರೆದುಕೊಟ್ಟು ಬಾ. ನನ್ನ ಹೆಸರಲ್ಲೂ ಬರಿ" ಎಂದಳು.

ಒಂದು ಸಾಲು ಬರೆಯಲು ಇಡೀ ಸಂಜೆ ಹಿಡಿಯಿತು. ಕೊನೆಗೆ ಬರೆದದ್ದು ಇಷ್ಟು: ನಿಮ್ಮ ತಂದೆಯವರು ಕೊಂಡ ಕನ್ನಡಿ ಬೀರು ಅಂಗಡಿಯವರ ತಪ್ಪಿನಿಂದ ನಮ್ಮ ಅಕ್ಕನ ಮನೆಗೆ ಬಂದಿತ್ತು, ನಾವು ಕೊಂಡ ಬೀರು ನಿಮ್ಮಲ್ಲಿಗೆ ಬಂದಿತ್ತು, ಅವರು ಹೇಳಿದ್ದೆಲ್ಲ ನಿಜ. ಕೆಳಗೆ ಅಕ್ಕನ ಹೆಸರು, ನನ್ನ ಹೆಸರು, ನನ್ನ ಸಹಿ. ಮಾರನೆಯ ಭಾನುವಾರ ಅದನ್ನು ತೆಗೆದುಕೊಂಡು, ಲಗ್ನಪತ್ರಿಕೆಯನ್ನೂ ಹಿಡಿದು ಗುಬ್ಬಿಗೆ ಬಸ್ಸು ಹತ್ತಿದೆ.

ಮನೆ ಸಿಕ್ಕಿತು. ಜಗಲಿಯ ಮೇಲೆ ಒಬ್ಬ ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಒಳಗಿನಿಂದ ಬಂದದ್ದು ನನ್ನ ವಯಸ್ಸಿನ ಹೆಂಗಸು. ನಾನು ಯಾರೆಂದು ಹೇಳುವ ಮೊದಲೇ ಅವಳ ಹಿಂದೆ ಕೋಣೆಯಲ್ಲಿ ನಮ್ಮ ಬೂದು ಬೀರು ಕಂಡಿತು. ಅದರ ಬಾಗಿಲಿನಲ್ಲೂ ಅರಿಶಿನ ಕುಂಕುಮವಿತ್ತು. ನಿಂತುಕೊಂಡೇ ಬಂದ ವಿಷಯ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. "ನಮ್ಮಪ್ಪಾಜಿ ನಿಮ್ಮನೆಗೆ ಬಂದಿದ್ರಾ?" ಎಂದಷ್ಟೇ ಕೇಳಿದಳು. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ಅಪ್ಪಾಜಿ ಹೆಂಗಿದಾರೆ?" ಎಂದೆ.

"ಹೋಗಿ ಮೂರು ವರ್ಷ ಆಯ್ತಕ್ಕ." ಸೆರಗಿನ ತುದಿ ಸುತ್ತುತ್ತ ಹೇಳಿದಳು. "ಹಬ್ಬ ಹಬ್ಬಕ್ಕೂ ಬರೋರು. ಚೀಲ ತುಂಬ ತರೋರು. ಗೇಟ್ ಹತ್ರ ನಿಂತು ಮಕ್ಕಳ ಕೈಗೆ ಕೊಟ್ಟು ಹೋಗೋರು. ಸುಳ್ಳ ಅನ್ನಿಸ್ಕಂಡ ಮನೇಲಿ ನಾನು ಉಣ್ಣಕಿಲ್ಲ ಅಂದ್ಬಿಟ್ಟಿದ್ರು. ನಾಮಕರಣದ ದಿನಾನೂ ಹೊರಗೇ ನಿಂತಿದ್ರು."

ಕಾಗದ ಕೊಟ್ಟೆ. ಅವಳು ಜಗಲಿಗೆ ಹೋಗಿ ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದಿದಳು. 'ಅವರು ಹೇಳಿದ್ದೆಲ್ಲ ನಿಜ' ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದಳು. ಮುದುಕಿ ಹುಣಸೆಹಣ್ಣಿನ ಕೈಯನ್ನು ಹಾಗೇ ಹಿಡಿದು ಕೂತಿದ್ದರು.

"ಈ ಚೀಟಿ ಆವತ್ತೇ ಬಂದಿದ್ರೆ ಆವಯ್ಯ ನಮ್ಮನೇಲಿ ಉಣ್ಣೋನು" ಎಂದರು. ನನ್ನನ್ನು ನೋಡಿ ಹೇಳಲಿಲ್ಲ. "ನಾನೂ ಒಂದು ಮಾತು ಕರೀಬೋದಾಗಿತ್ತು. ಕರೀನಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕ್ಷಮಿಸಿ ಎಂದು ಕೇಳಲು ಹೋದವಳಿಗೆ ಯಾರನ್ನು ಕೇಳಬೇಕು ಎಂದು ತಿಳಿಯಲಿಲ್ಲ. ಮಗಳು ಕಾಗದವನ್ನು ಮಡಿಚಿ ಒಳಗೆ ಹೋಗಿ, ಬೀರುವಿನ ಲಾಕರಿನಲ್ಲಿಟ್ಟು ಬೀಗ ಹಾಕಿದಳು. ನಾನು ಚಪ್ಪಲಿ ಮೆಟ್ಟಲು ಹೊರಟೆ.

"ಕೂತ್ಕಳಿ ಅಕ್ಕ" ಎಂದಳು. "ಬಿಸಿಲಾಗೆ ಬಂದಿದೀರಿ. ಮುದ್ದೆ ಆಗೈತೆ, ಸೊಪ್ಪಿನ ಸಾರು. ಉಂಡು ಹೋಗಿ."

ಚಪ್ಪಲಿ ಅಲ್ಲೇ ಬಿಟ್ಟು ಒಳಕ್ಕೆ ಬಂದೆ. ಚಾಪೆ ಹಾಕಿ ತಟ್ಟೆ ಇಟ್ಟಳು. ಅವಳಪ್ಪ ಸಾಯುವವರೆಗೂ ಕೈತೊಳೆಯದ ಮನೆಯಲ್ಲಿ, ನಮ್ಮ ಬೀರುವಿನ ಎದುರಿಗೆ, ನಾನು ಕೂತು ಉಂಡೆ.