ನೋಡಲು ಏನೂ ಇಲ್ಲದ ಊರು

ಎದುರು ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಸುರಿದಿದ್ದಾರೆ. ತೊಟ್ಟು ಬಿಡಿಸುವ ಹೆಂಗಸರ ಮಾತು, ಅದರ ಬೆನ್ನಿಗೇ ಘಾಟು, ಎರಡೂ ಕಿಟಕಿಯಿಂದ ಒಳಗೆ ಬರುತ್ತಿವೆ. ಬ್ಯಾಡಗಿಯಲ್ಲಿ ಇಷ್ಟು ವರ್ಷ ಬಾಳಿದ ಮೂಗಿಗೆ ಈ ಘಾಟು ಲೆಕ್ಕಕ್ಕಿಲ್ಲ. ಆದರೂ ಬೆಳಗಿನಿಂದ ನಾನು ಕೂತಲ್ಲಿ ಕೂತಿಲ್ಲ. ಮೈಸೂರಿನಿಂದ ನನ್ನ ಗೆಳತಿ ಸರೋಜಳ ಮಗಳು ಫೋನ್ ಮಾಡಿದ್ದಳು. "ಆಂಟಿ, ನಿಮ್ಮ ಕಡೆ ಸುತ್ತಬೇಕು ಅಂತಿದೀವಿ. ಅಮ್ಮ ಬಂದಾಗ ಪ್ಲಾನ್ ಹಾಕಿದ್ರಂತಲ್ಲ, ಹಾಗೇ ಹಾಕಿಕೊಡಿ."

ಹಾಗೇ ಹಾಕಿಕೊಡಬೇಕಂತೆ! ಆ ಪ್ಲಾನ್ ಏನಾಯಿತೆಂದು ಸರೋಜ ಮಗಳಿಗೆ ಹೇಳಿದಂತಿಲ್ಲ. ನಿಮಗೆ ನಾನೇ ಹೇಳುತ್ತೇನೆ.

ನಾನೂ ಸರೋಜಳೂ ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೆ ಮೇಟ್ರನ್ ಇಡೀ ಹಾಸಿಗೆಯನ್ನೇ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಸರೋಜ ಹಾಸ್ಟೆಲ್ ಬಿಟ್ಟ ದಿನವೇ ಅದನ್ನೆಲ್ಲ ಮರೆತಳು. ನನಗೆ ಅದು ಮೈಗೆ ಹತ್ತಿಬಿಟ್ಟಿತು. ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯ ಹಾಸಿಗೆಗಳು ಸುಕ್ಕುಗಟ್ಟಲು ಹೆದರುತ್ತವೆ ಎಂದು ನನ್ನವರು ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದಿನ್ನೂ ಧಾರವಾಡ ಜಿಲ್ಲೆ. ಸರೋಜ ಬರುವ ಸುದ್ದಿ ತಿಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಹಂಪಿ, ಬೇಲೂರು ಇದ್ದವರ ಪಾಡು ಬೇರೆ. ನಮ್ಮ ಕಡೆ ಏನು ತೋರಿಸುವುದು? ಹಾವೇರಿಯ ಕಲ್ಲಿನ ಗುಡಿ, ಕಾಗಿನೆಲೆ, ದೇವರಗುಡ್ಡ, ಕೊನೆಗೆ ಸಂಜೆಯ ತಂಪಿನಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗಗಳು. ಯಾವ ಬಸ್ಸು ತಪ್ಪಿದರೆ ಯಾವುದು, ಬುತ್ತಿ ಬಿಚ್ಚುವುದು ಎಲ್ಲಿ, ಎಲ್ಲವನ್ನೂ ಜೋಡಿಸಿದೆ, ಕೆಡವಿದೆ, ಮತ್ತೆ ಜೋಡಿಸಿದೆ.

ಅತ್ತೆ ಪಡಸಾಲೆಯಲ್ಲಿ ತೊಟ್ಟು ಬಿಡಿಸುತ್ತಾ ಇದನ್ನೆಲ್ಲ ಕೇಳುತ್ತಿದ್ದರು. "ಆಕಿ ಊರು ನೋಡಾಕ ಬರಾಕತ್ತಾಳೋ, ನಿನ್ನ ಕಡೆ ಸೂಜಿ ಮಾಡಿಸ್ಕೊಳ್ಳಾಕ ಬರಾಕತ್ತಾಳೋ?" ಎಂದು ಚುಚ್ಚಿದರು. ಆಮೇಲೆ ಕೈಯೊಳಗಿನ ಕಾಯಿ ನೋಡುತ್ತಾ, "ಆ ದಾರ್ಯಾಗ ಕುಪ್ಪೇಲೂರು ಬರ್ತೈತೇನ?" ಎಂದರು.

ಕುಪ್ಪೇಲೂರು ಅತ್ತೆಯ ತವರು. ನಮ್ಮ ಮನೆತನಗಳಲ್ಲಿ ಹೆಣ್ಣುಮಕ್ಕಳು ತವರಿಗೆ ತಾವಾಗಿ ಹೊರಡುವುದಿಲ್ಲ. ಅಲ್ಲಿಂದ ಯಾರಾದರೂ ಬಂದು ಕರೆಯಬೇಕು. ಅತ್ತೆಯ ತಮ್ಮ ತೀರಿಕೊಂಡ ಮೇಲೆ ಮನೆ ಮಾರಾಟವಾಯಿತು, ಕರೆಯುವವರು ಇಲ್ಲವಾದರು. ಅತ್ತೆ ಆ ಕಡೆಯ ಬಸ್ಸನ್ನೇ ಹತ್ತಿರಲಿಲ್ಲ. ನನ್ನ ತವರು ಕಾಗಿನೆಲೆಯ ಆಚೆ. ನಾಗರ ಪಂಚಮಿ ಬಂತೆಂದರೆ ಕರೆಯಲು ಅಣ್ಣ ಬಾಗಿಲಲ್ಲಿ ನಿಂತಿರುತ್ತಿದ್ದ. ಕರೆಯುವವರಿಲ್ಲ ಎಂದರೆ ಏನೆಂದು ನನಗೆ ಆಗ ಎಲ್ಲಿಂದ ತಿಳಿಯಬೇಕು?

"ಕುಪ್ಪೇಲೂರಾಗ ನೋಡಾಕ ಏನೈತ್ರಿ ಅತ್ತಿ?" ಎಂದೆ.

"ಏನೂ ಇಲ್ಲವಾ. ಅದಕ್ಕ ಕೇಳಿದೆ. ಏನೂ ಇಲ್ಲದ್ದು ಲಗೂ ನೋಡಿ ಮುಗೀತೈತಿ."

ನಾನು ನಕ್ಕು ಬಸ್ಸಿನ ಲೆಕ್ಕಕ್ಕೆ ಮರಳಿದೆ.

ಸರೋಜ ಬಂದಳು. ಬರುವಾಗಲೇ ಸೀನುತ್ತಾ ಬಂದಳು. "ಇದೇನೇ, ನಿಮ್ಮೂರಿನ ಗಾಳಿಗೇ ಒಗ್ಗರಣೆ ಹಾಕಿದ್ದಾರಾ?" ಎಂದು ಕಣ್ಣೊರೆಸಿಕೊಂಡು ನೇರ ಹೋಗಿ ಅತ್ತೆಯ ಪಕ್ಕ ಕೂತಳು. ನಾನು ಒಳಗೆ ಬುತ್ತಿ ಕಟ್ಟುವಷ್ಟರಲ್ಲಿ ಕುಪ್ಪೇಲೂರಿನ ಕಥೆಯೆಲ್ಲ ಅವಳಿಗೆ ಗೊತ್ತಾಗಿತ್ತು.

"ಹೋಗೋಣ ಬನ್ನಿ ಅಮ್ಮ."

"ಹೆಂಗ ಬರ್ಲಿ ತಂಗಿ? ಕರಿಯೋರು ಯಾರದಾರ ಅಲ್ಲಿ?"

"ದೇವರಗುಡ್ಡಕ್ಕೆ ನನ್ನನ್ನ ಯಾರು ಕರೆದಿದ್ದಾರೆ? ಊರು ನೋಡೋಕೆ ಬಂದೋರಿಗೆ ಯಾರೂ ಕರೀಬೇಕಾಗಿಲ್ಲ. ನೀವೂ ನೋಡೋಕೆ ಬನ್ನಿ."

ಅತ್ತೆ ಮೊರ ಪಕ್ಕಕ್ಕಿಟ್ಟರು. ಅಷ್ಟು ವರ್ಷ ಅವರಿಗೆ ಹೊಳೆಯದ ದಾರಿ ಅದು. ನನಗಂತೂ ನನ್ನ ಬಸ್ಸುಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದಂತಾಯಿತು.

ದೇವರಗುಡ್ಡ ಮುಗಿಸಿಕೊಂಡು ರಾಣೆಬೆನ್ನೂರಿಗೆ ಬಂದು ಕುಪ್ಪೇಲೂರಿನ ಬಸ್ಸು ಹತ್ತಿದಾಗ ಬಿಸಿಲು ಆಗಲೇ ಇಳಿಮುಖ. ನನ್ನ ಕಣ್ಣು ಕೈಗಡಿಯಾರದ ಮೇಲೆ. ಅತ್ತೆ ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಊರಲ್ಲಿ ಇಳಿದವರೇ ಮುಂದೆ ಹೊರಟರು; ನಾವು ಹಿಂದೆ. ಒಂದು ಮನೆಯ ಮುಂದೆ ನಿಂತರು. ಬಾಗಿಲಿಗೆ ಹಸಿರು ಬಣ್ಣ ಬಳಿದಿತ್ತು. ಕಟ್ಟೆಯ ಮೇಲೆ ಹೆಂಗಸೊಬ್ಬಳು ಕೂಸಿಗೆ ಉರ್ದುವಿನಲ್ಲಿ ಏನೋ ಗದರುತ್ತಾ ಉಣಿಸುತ್ತಿದ್ದಳು.

"ಯಾರ್ ಬೇಕಾಗಿತ್ರಿ ಅಮ್ಮಾ?"

"ಯಾರೂ ಬ್ಯಾಡವಾ. ಹಂಗ ಊರು ನೋಡಾಕ ಬಂದೇವಿ."

ಆಕೆ ನಕ್ಕಳು. "ಈ ಊರಾಗ ನೋಡಾಕ ಏನೈತ್ರಿ? ಕುಂದ್ರಿ, ನೀರು ಕುಡೀರಿ." ಅವಳ ಹೆಸರು ಹಸೀನಾ. ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮನೆ ಕೊಂಡದ್ದು ಮಾವ.

ಅತ್ತೆ ಕಟ್ಟೆಯ ಅಂಚಿನಲ್ಲಿ, ನೆಂಟರಲ್ಲದವರು ಕೂರುವಂತೆ ಕೂತರು. ನೀರು ಕುಡಿದರು. ಅಷ್ಟಕ್ಕೆ ಏಳುತ್ತಾರೆಂದು ನಾನು ಚೀಲ ಎತ್ತಿಕೊಂಡೆ. ಆಗ ತಡೆಯಲಾರದೆ ಕೇಳಿಬಿಟ್ಟರು: "ಹಿತ್ತಲದಾಗ ಹುಣಸಿಗಿಡ ಐತೇನವಾ?"

"ಐತಲ್ರಿ. ನಿಮಗ ಹೆಂಗ ಗೊತ್ತು?"

ಸರೋಜ ನನ್ನ ಕೈ ಹಿಂಡಿದಳು, ನಡುವೆ ಬಾಯಿ ಹಾಕಬೇಡ ಎಂಬಂತೆ.

"ಈ ಮನ್ಯಾಗ ಹುಟ್ಟೇನಿ," ಎಂದರು ಅತ್ತೆ.

"ಅಯ್ಯ! ಮನಿ ಮಗಳು ಕಟ್ಟಿಮ್ಯಾಲೆ ಕುಂದ್ರೋದೇನ್ರಿ? ಏಳ್ರಿ, ಏಳ್ರಿ, ಒಳಗ ಬರ್ರಿ." ಹಸೀನಾ ಕೂಸನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಿಂದ ಅತ್ತೆಯನ್ನು ಹಿಡಿದೆಬ್ಬಿಸಿದಳು.

ಚಹಾ ಆಯಿತು, ಹಿತ್ತಲಾಯಿತು. ಅತ್ತೆ ಹುಣಸೆಮರದ ಬೊಡ್ಡೆಗೆ ಅಂಗೈ ಒತ್ತಿ ನಿಂತರು. "ಪಂಚಮಿಗೆ ಓಣಿ ಹುಡುಗ್ಯಾರೆಲ್ಲಾ ಇದಕ್ಕ ಜೋಕಾಲಿ ಕಟ್ತಾರ್ರಿ," ಎಂದಳು ಹಸೀನಾ. "ಬರ್ರಿ ಅಮ್ಮಾ ಪಂಚಮಿಗೆ. ಬರಲಿಲ್ಲಂದ್ರ ನಮ್ಮನಿಯವರ್ನ ಕಳಸ್ತೇನಿ ನೋಡ್ರಿ ಮತ್ತ."

ನಾವು ರಾಣೆಬೆನ್ನೂರಿಗೆ ಮರಳುವ ಹೊತ್ತಿಗೆ ಕತ್ತಲು. ಕೃಷ್ಣಮೃಗಗಳು ತಮ್ಮ ಪಾಡಿಗೆ ತಾವು ಮಲಗಿರಬೇಕು. "ಜಿಂಕಿ ತಪ್ಪಿದ್ವು ನೋಡ್ರಿ," ಎಂದು ನಾನು ಗೊಣಗಿದೆ. ಅತ್ತೆಗೆ ಅದು ಕೇಳಿಸಲೇ ಇಲ್ಲ. ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ, "ಕರದ್ಲು," ಎಂದರು. ಆಮೇಲೆ ಮತ್ತೆ, "ಪಂಚಮಿಗೆ ಕರದ್ಲು."

ಆ ವರ್ಷ ಪಂಚಮಿಗೆ ಅತ್ತೆ ಉಂಡಿ ಕಟ್ಟುವಾಗ ಹಸೀನಾಳ ಕೂಸಿಗೆಂದು ಚಿಕ್ಕ ಚಿಕ್ಕವನ್ನು ಬೇರೆ ಕಟ್ಟಿದರು.

ಈಗ ಅತ್ತೆಯಿಲ್ಲ. ಕಾಗಿನೆಲೆಯ ಆಚೆಯಿಂದ ಕರೆಯಲು ಬರುತ್ತಿದ್ದ ನನ್ನ ಅಣ್ಣನೂ ಇಲ್ಲ. ಕಳೆದ ಕೆಲವು ಪಂಚಮಿಗಳಲ್ಲಿ ನಾನು ಬೆಳಗಿನಿಂದ ಬಾಗಿಲ ಬಳಿ ಸುಮ್ಮನೆ ಓಡಾಡಿದ್ದೇನೆ, ಹಾಸಿದ ಹಾಸಿಗೆಯನ್ನೇ ಮತ್ತೆ ಹಾಸಿದ್ದೇನೆ.

ಇದನ್ನು ಬರೆಯುವ ಮೊದಲು ಸರೋಜಳ ಮಗಳಿಗೆ ಫೋನ್ ಮಾಡಿದೆ. ಹಾವೇರಿ, ಕಾಗಿನೆಲೆ, ಕೃಷ್ಣಮೃಗ ಎಲ್ಲ ಕ್ರಮವಾಗಿ ಹೇಳಿದೆ. "ಕಾಗಿನೆಲೆ ಆದ ಮ್ಯಾಲೆ ಮುಂದ ಒಂದು ಹಳ್ಳಿ ಐತಿ. ಅಲ್ಲಿಗೆ ನಾನೂ ನಿಮ್ಮ ಜೋಡಿ ಬರ್ತೇನಿ," ಎಂದೆ.

"ಅಲ್ಲಿ ನೋಡೋಕೆ ಏನಿದೆ ಆಂಟಿ?"

"ಏನೂ ಇಲ್ಲವಾ," ಎಂದೆ. "ಲಗೂ ನೋಡಿ ಮುಗೀತೈತಿ."