ಇಪ್ಪತ್ತು ಜನ ಸೇರಿ ಒಂದು ಯಂತ್ರ

ರೇಷ್ಮೆಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೊರಡುವ ಮುಂಚೆ ನಮ್ಮೂರಿನವರೆಲ್ಲ ಹಾಲಿನ ಡೇರಿ ಮುಂದೆ ನಿಂತು, ಅದರ ವೈಫೈನಲ್ಲೇ ಗೂಡಿನ ರೇಟು ನೋಡುವುದು ರೂಢಿ. ರೇಟು ಹಾಕುವುದು ಯಾವುದೋ ಖಾಸಗಿ ವೆಬ್‌ಸೈಟು. ಹೋದ ವರ್ಷ ಒಂದು ಬೆಳಿಗ್ಗೆ ಆ ದರಿದ್ರದ್ದು ನಮ್ಮನ್ನೆಲ್ಲ ಒಟ್ಟಿಗೆ ಬ್ಲಾಕ್ ಮಾಡಿತು. ಒಂದೇ ಇಂಟರ್ನೆಟ್ ವಿಳಾಸದಿಂದ ಯಾವುದೋ ಯಂತ್ರ ಮತ್ತೆ ಮತ್ತೆ ಬರುತ್ತಿದೆಯಂತೆ. ಹಾಲಿನ ಕ್ಯಾನು ಹಿಡಿದು ನಿಂತಿದ್ದ ಇಪ್ಪತ್ತು ಜನ ಅದರ ಕಣ್ಣಿಗೆ ಒಂದು ಯಂತ್ರ.

ಅವರ ಸಹಾಯವಾಣಿಗೆ ಫೋನ್ ಮಾಡಿದೆ. "ನೀವೆಲ್ಲ ಒಂದೇ ಕಡೆ ಇದ್ದೀರಿ, ಬೇರೆ ಬೇರೆ ಕಡೆಯಿಂದ ನೋಡಿ" ಅಂದ ಅಲ್ಲಿದ್ದ ಬುದ್ಧಿವಂತ. ನಾನೂ ಪೆದ್ದನ ಹಾಗೆ ಅದನ್ನೇ ಎಲ್ಲರಿಗೂ ಹೇಳಿದೆ. ಒಬ್ಬ ಅರಳಿಕಟ್ಟೆಗೆ ಹೋದ, ಇನ್ನೊಬ್ಬ "ನಾನು ತಿಪ್ಪೆ ತಾವ ನಿಂತ್ಕತೀನಿ ಕಣ್ಲಾ" ಅಂದ. ಡೇರಿ ವೈಫೈ ಬಿಡದೆ ಎಲ್ಲರೂ ದೂರ ದೂರ ನಿಂತೆವು. ವೈಫೈ ಅದೇ ಆದ್ದರಿಂದ ನಾವು ಯಂತ್ರವಾಗಿಯೇ ಉಳಿದೆವು.

ಕೊನೆಗೆ ರೇಟು ನೋಡದೆಯೇ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಗೂಡು ಕೊಳ್ಳಲು ಬಂದಿದ್ದ, ಮೂರನೇ ಕ್ಲಾಸೂ ದಾಟದ ಮುದುಕರೊಬ್ಬರು ನನ್ನ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗೆ ಜೀವ ಐತೆ" ಅಂದರು.