ತಿಳಿಯದ್ದನ್ನು ಕೇಳುತ್ತಿದ್ದ ಅಕ್ಕೋರು

ಮೊನ್ನೆ ಭಟ್ಕಳದ ಪೇಟೆಯಲ್ಲಿ ಸುರಗಿ ಹೂವಿನ ವಾಸನೆ ಬಂತು. ಹೈಸ್ಕೂಲಿನಲ್ಲಿ ನಮಗೆ ಕಲಿಸಿದ ಅಕ್ಕೋರು ಮುಡಿಯುತ್ತಿದ್ದ ಹೂವು. ಅವರನ್ನು ಕೊನೆಯ ಸಲ ನೋಡಲು ಹೊನ್ನಾವರಕ್ಕೆ ಹೋಗುವಾಗ ಬಸ್ಸಿನಲ್ಲಿ ಏನೆಲ್ಲ ಹೆದರಿದ್ದೆ... ಬಸ್ಸು ಕೆಡಬಹುದು, ಅವರು ಮನೆಯಲ್ಲಿ ಇರಲಿಕ್ಕಿಲ್ಲ, ಇದ್ದರೂ ಗುರುತು ಸಿಗಲಿಕ್ಕಿಲ್ಲ, ಸಿಕ್ಕರೆ ಬೈಯಬಹುದು, ನಾನು ಒಯ್ದ ಬಿಸ್ಕಿಟು ಅವರ ಸಕ್ಕರೆ ಕಾಯಿಲೆಗೆ ಆಗದಿರಬಹುದು.

ತೊಂಬತ್ತರ ದಶಕದ ಕೊನೆಗೆ ಒಂದು ಟ್ರಸ್ಟಿನವರು ತೆರೆದ ಹೊಸ ಶಾಲೆ ನಮ್ಮದು. ಎಲ್ಲಕ್ಕೂ ಅವರದೇ ಕ್ರಮ. ಬೆಳಿಗ್ಗೆ ಅಕ್ಕೋರು ಹೆಸರು ಕರೆದರೆ 'ಹಾಜರ್' ಎನ್ನುವಂತಿಲ್ಲ. ಹಿಂದಿನ ದಿನ ಯಾವ ಪಾಠ ತಿಳಿಯಲಿಲ್ಲವೋ ಅದನ್ನು ಎದ್ದು ಹೇಳಬೇಕು. ಚಿಂತೆಯೇ ಕಸುಬಾಗಿದ್ದ ನನಗೆ ಹೇಳಿ ಮಾಡಿಸಿದ ಶಾಲೆ. ಮಾರ್ಕೂ ಚೆನ್ನಾಗಿಯೇ ಬಂತು.

ಕುಮಟೆಯ ಕಾಲೇಜಿನಲ್ಲಿ ಎರಡನೆಯ ದಿನ ಅರ್ಥಶಾಸ್ತ್ರದ ತರಗತಿಯಲ್ಲಿ ನನ್ನ ಹೆಸರು ಕರೆದರು. ಅಭ್ಯಾಸಬಲದಿಂದ ಎದ್ದು, "ಸರ್, ನಿನ್ನೆಯ ಬೇಡಿಕೆಯ ನಿಯಮ ತಿಳೀಲಿಲ್ಲ" ಎಂದೆ.

"ಹಾಜರಿ ಕೇಳಿದ್ದು ಮಾರಾಯಾ, ತಪ್ಪೊಪ್ಪಿಗೆ ಅಲ್ಲ" ಎಂದರು ಲೆಕ್ಚರರು.

ತರಗತಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ನಾನು ಬಾಯಿ ಬಿಡಲಿಲ್ಲ. ತಿಳಿಯದ್ದು ಬೆಳೆಯಿತು, ಜೊತೆಗೆ ಕೂತು ಓದುವವರು ಇರಲಿಲ್ಲ. ನಮ್ಮ ಶಾಲೆಯಿಂದ ಬಂದ ಜಾಣರೇ ಇಲ್ಲಿನ ಕ್ರಮಕ್ಕೆ ಹೊಂದದೆ ಒಬ್ಬೊಬ್ಬರಾಗಿ ಕಾಲೇಜು ಬಿಟ್ಟಿದ್ದರು. ನಾನೂ ಬಿಡುತ್ತೇನೆಂದು ಅಕ್ಕೋರಿಗೆ ಹೇಳಲು ಹೋದೆ.

"ನಗಾಡ್ದವ್ರಿಗೆ ತಿಳಿದಿತ್ತನಾ? ಶನಿವಾರ ಶನಿವಾರ ಇಲ್ಲಿ ಬಾ. ತಿಳೀದೇ ಇದ್ದದ್ದು ನಂಗೆ ಹೇಳು" ಎಂದರು.

ಹೋದೆ. ಅವರ ಜಗಲಿಯಲ್ಲಿ ಕುಳಿತು ಹೇಳಿದೆ. ಎಷ್ಟೋ ಸಲ ಅವರು, "ಇದು ನಂಗೂ ಗೊತ್ತಿಲ್ಲೋ. ಸೋಮವಾರ ಅವ್ರ ಹತ್ರವೇ ಕೇಳು, ಬಂದು ನಂಗೂ ಹೇಳು" ಎನ್ನುತ್ತಿದ್ದರು. ಅಕ್ಕೋರಿಗೆ ಹೇಳಬೇಕಲ್ಲ ಎಂಬ ಹೆದರಿಕೆಗೆ ಲೆಕ್ಚರರ ಹತ್ತಿರ ಕೇಳಿದೆ. ಹಾಗೆ ಕೇಳುತ್ತ ಕೇಳುತ್ತ ಡಿಗ್ರಿ ಆತು.

ಆಮೇಲೆ ನೌಕರಿ, ಮದುವೆ... ಹೆಂಡತಿ ತೀರಿಕೊಂಡ ವರ್ಷವೇ ನಾನು ಮತ್ತೆ ಆ ಜಗಲಿ ಹತ್ತಿದ್ದು, ಅದೇ ಕೊನೆಯ ಸಲ.

ಈಗ ಅಕ್ಕೋರೂ ಇಲ್ಲ. ಮೊನ್ನೆ ಕೊಂಡ ಸುರಗಿ ಮಾಲೆ ಮೇಜಿನ ಮೇಲೆ ಒಣಗುತ್ತಿದೆ, ನಮ್ಮಲ್ಲಿ ಮುಡಿಯುವವರಿಲ್ಲ. ಅಂದು ಬಸ್ಸಿನಲ್ಲಿ ಹೆದರಿದ್ದು ಒಂದೂ ಆಗಿರಲಿಲ್ಲ. ಬಸ್ಸು ಕೆಡಲಿಲ್ಲ. ಅಕ್ಕೋರು ನೋಡಿದ ಕೂಡಲೇ ಗುರುತು ಹಿಡಿದರು, ಚಾ ಮಾಡಿಸಿದರು, ಬಿಸ್ಕಿಟನ್ನೂ ಅದ್ದಿ ತಿಂದರು. ತಿಳಿಯದ್ದು ಈ ಸಲ ಬಹಳವಿತ್ತು. ದಾರಿಯುದ್ದಕ್ಕೂ ಹೇಳಲು ಜೋಡಿಸಿಕೊಂಡಿದ್ದೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಬೇಕೆಂದೇ ತಡ ಮಾಡಿದೆ.

ಏನು ತಿಳೀಲಿಲ್ಲ ಎಂದು ಅವರು ಕೇಳಲಿಲ್ಲ.